ಸೊಂಟದ ಮೇಲೆ ಕೈ ಇಡುವ ಮುನ್ನ

ನಮ್ಮ ಕಡೆ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುವ ರೂಢಿ ಇತ್ತು. ಅವರು ಪಾದದಿಂದ ಸೊಂಟ ಮುಟ್ಟಿ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ. ಕೈ ಮುರಿದರೆ ಪುತ್ತೂರು ಕಟ್ಟು. ಕತ್ತು ಹಿಡಿದರೆ ಕಟಿಂಗ್ ಶಾಪಿನವನೇ ಗಲ್ಲ ಹಿಡಿದು ಎರಡೂ ಕಡೆ ಲಟಕ್ ಅನ್ನಿಸಿ ಕಳಿಸುತ್ತಿದ್ದ. ಇದನ್ನು ಕೇಳಿ ನಗಬೇಡಿ. ಎಲುಬು, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸುವ ಪದ್ಧತಿಯಾದ ಆಸ್ಟಿಯೋಪಥಿಯ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್ ಕೂಡ ಅಮೆರಿಕದ ಮಿಸೌರಿಯಲ್ಲಿ ಒಂದು ಕಾಲಕ್ಕೆ ಮೂಳೆ ಕೂರಿಸುವವನೆಂದೇ ಹೆಸರಾದವನು. 1864ರಲ್ಲಿ ಮಿದುಳುಪೊರೆಯ ಜ್ವರಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡು, ಆ ಕಾಲದ ಔಷಧಗಳ ಮೇಲಿನ ನಂಬಿಕೆಯನ್ನೂ ಕಳೆದುಕೊಂಡ. 1874ರಲ್ಲಿ ತನ್ನ ಪದ್ಧತಿಯನ್ನು ಘೋಷಿಸಿದ, 1892ರಲ್ಲಿ ಕರ್ಕ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಶಾಲೆ ತೆರೆದ. ಎಲುಬು, ಸ್ನಾಯು, ರಕ್ತಸಂಚಾರ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದು ಬಿಗಿಯಾದರೆ ಇನ್ನೊಂದು ನರಳುತ್ತದೆ ಎಂಬುದು ಅವನ ವಾದದ ತಿರುಳು. ಅದರಲ್ಲಿ ಕೆಲವು ಮಾತು ಇಂದಿಗೂ ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ.

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿರುವವನು. ಈ ಲೇಖನ ಬಿಪಿಟಿ ಎಂಬ ಫಿಸಿಯೋಥೆರಪಿ ಪದವಿಯ ಕೊನೆಯ ವರ್ಷದವರಿಗೆ, ಇಂಟರ್ನ್‌ಗಳಿಗೆ, ಹೊಸದಾಗಿ ಕ್ಲಿನಿಕ್ ಹಾಕಿದವರಿಗೆ. ಕೈಚಳಕ ತೋರಿಸಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಕೈ ಇಡುವ ಮೊದಲು ಏನು ನೋಡಬೇಕು, ಕೈ ತೆಗೆದ ಮೇಲೆ ಏನು ನೋಡಬೇಕು ಎಂದು ಹೇಳುವವರು ಕಡಿಮೆ. ಕಲಿಯಬೇಕಾದ್ದು ಮುಖ್ಯವಾಗಿ ಅದೇ ಎಂದು ನನ್ನ ಅಭಿಪ್ರಾಯ. ಉದಾಹರಣೆಗೆ ಸೊಂಟ ನೋವನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಬಾಗಿಲಿಗೆ ಬರುವ ಮೊದಲ ರೋಗಿ ಬಹುಮಟ್ಟಿಗೆ ಅದನ್ನೇ ಹೊತ್ತು ತರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಡಿ.ಓ., ಅಂದರೆ ಆಸ್ಟಿಯೋಪಥಿ ಪದವಿ ಪಡೆದವನು ಎಂದರೆ ಪೂರ್ಣ ಪ್ರಮಾಣದ ವೈದ್ಯ, ಶಸ್ತ್ರಚಿಕಿತ್ಸೆಯನ್ನೂ ಮಾಡುವವನು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಆಸ್ಟಿಯೋಪಾಥ್ ಎಂದು ಬೋರ್ಡು ಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಮಾನದಂಡ, ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ 4200 ಗಂಟೆಗಳ ಕಲಿಕೆ ಬೇಕು ಎನ್ನುತ್ತದೆ. ಅದರಲ್ಲಿ ಕನಿಷ್ಠ 1000 ಗಂಟೆ ಹಿರಿಯರ ಕಣ್ಣೆದುರಿಗೆ ರೋಗಿಗಳನ್ನು ನೋಡಿದ್ದಿರಬೇಕು. ಹಾಗಿರುವಾಗ ಶನಿವಾರ ಭಾನುವಾರ ಹೋಟೆಲ್ ಹಾಲಿನಲ್ಲಿ ನಡೆಯುವ ಕಾರ್ಯಾಗಾರದ ಸರ್ಟಿಫಿಕೇಟು ಗೋಡೆಗೆ ಹಾಕಿಕೊಂಡು ಹೆಸರಿನ ಮುಂದೆ ಆಸ್ಟಿಯೋಪಾಥ್ ಎಂದು ಬರೆದುಕೊಳ್ಳುವುದು ಸರಿಯಲ್ಲ. ಕಾರ್ಯಾಗಾರಕ್ಕೆ ಹೋಗಿ, ಕಲಿಯಿರಿ, ಬೋರ್ಡಿನಲ್ಲಿ ಫಿಸಿಯೋಥೆರಪಿಸ್ಟ್ ಎಂದೇ ಇರಲಿ.

ಮೊದಲು ಬೆರಳಿಗೆ ಪಾಠ

ತಲೆಗೂದಲೊಂದನ್ನು ಕಿತ್ತು ಮೇಜಿನ ಮೇಲಿಡಿ. ಅದರ ಮೇಲೆ ದಿನಪತ್ರಿಕೆಯ ಒಂದು ಹಾಳೆ ಮುಚ್ಚಿ. ಕಣ್ಣು ಮುಚ್ಚಿಕೊಂಡು, ಬೆರಳ ತುದಿಯ ತಿರುಳಿನಿಂದ ಕೂದಲು ಎಲ್ಲಿದೆ, ಯಾವ ಕಡೆಗೆ ಬಾಗಿದೆ ಎಂದು ಹುಡುಕಿ. ಸಿಕ್ಕಿದರೆ ಎರಡನೇ ಹಾಳೆ, ಆಮೇಲೆ ಮೂರನೆಯದು. ಸಿಗದೆ ಇದ್ದಾಗ ಎಲ್ಲರೂ ಮಾಡುವ ತಪ್ಪು ಒಂದೇ: ಇನ್ನಷ್ಟು ಒತ್ತುತ್ತಾರೆ. ಒತ್ತಿದಷ್ಟೂ ಬೆರಳು ಕುರುಡಾಗುತ್ತದೆ. ಭಾರ ಕಡಿಮೆ ಮಾಡಿ, ನಿಧಾನ ಮಾಡಿ, ಆಗ ಕೂದಲು ತಾನಾಗಿಯೇ ಬೆರಳಿಗೆ ಬರುತ್ತದೆ. ಆಸ್ಟಿಯೋಪಥಿ ಶಾಲೆಗಳಲ್ಲಿ ತಲೆಮಾರುಗಳಿಂದ ಮಾಡಿಸುವ ಅಭ್ಯಾಸ ಇದು. ದಿನಕ್ಕೆ ಐದು ನಿಮಿಷ, ಒಂದು ತಿಂಗಳು ಮಾಡಿ ನೋಡಿ.

ಅದರ ಜೊತೆಗೆ ಮನೆಯವರ ಬೆನ್ನಿನ ಮೇಲೆ ಗುರುತುಗಳನ್ನು ಹುಡುಕಿ. ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮುಳ್ಳು ಸಾಮಾನ್ಯವಾಗಿ ಸಿ7, ಅಂದರೆ ಕತ್ತಿನ ಏಳನೇ ಕಶೇರು. ಹೆಗಲ ಹಲಗೆಯ ಕೆಳತುದಿಯ ನೇರಕ್ಕೆ ಟಿ7, ಎದೆಭಾಗದ ಏಳನೆಯದು. ಸೊಂಟದ ಎರಡೂ ಪಕ್ಕದ ಎಲುಬಿನ ಅಂಚಿನ ಮೇಲೆ ಅಂಗೈ ಇಟ್ಟು ಹೆಬ್ಬೆರಳುಗಳನ್ನು ಬೆನ್ನಿನ ನಡುವಿಗೆ ತಂದರೆ ಸೊಂಟದ ನಾಲ್ಕನೇ ಕಶೇರು ಎಲ್4 ಆಸುಪಾಸು. ಅದರ ಕೆಳಗೆ ಎರಡು ಗುಳಿಗಳು ಕಾಣುತ್ತವಲ್ಲ, ಅಲ್ಲೇ ಪಿಎಸ್‌ಐಎಸ್ ಎಂಬ ಎಲುಬಿನ ಗುಬುಟು, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯಲ್ಲಿ ಎಸ್2 ಮಟ್ಟ. ದಪ್ಪಗಿರುವವರಲ್ಲಿ, ವಯಸ್ಸಾದವರಲ್ಲಿ, ಚಿಕ್ಕ ಹುಡುಗರಲ್ಲಿ, ಎಲ್ಲರಲ್ಲೂ ಹುಡುಕಿ. ಪುಸ್ತಕದ ಚಿತ್ರದಲ್ಲಿರುವ ಬೆನ್ನು ಯಾರಿಗೂ ಇರುವುದಿಲ್ಲ ಎಂಬುದು ಹತ್ತು ಬೆನ್ನು ಮುಟ್ಟುವಷ್ಟರಲ್ಲಿ ಗೊತ್ತಾಗುತ್ತದೆ.

ಕೇಳುವಾಗ ಕಿವಿ ತೆರೆದಿರಲಿ

ನಮ್ಮ ರೋಗಿಗಳು ನೋವಿಗೆ ಬಳಸುವ ಮಾತುಗಳು ಪುಸ್ತಕದಲ್ಲಿ ಇರುವುದಿಲ್ಲ. ಚಳಕು, ಸೆಳೆತ, ಉರಿ, ಜೋಮು, ಕಾಲು ಜಗ್ಗುತ್ತೆ, ನರ ಹಿಡಿದಿದೆ. 'ಸೆಳೆತ' ಎಂದವರಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಲ್ಲಿ ತೋರಿಸಲು ಹೇಳಿ. ಮೊಣಕಾಲಿನ ಕೆಳಗೆ ಇಳಿದು ಪಾದದವರೆಗೆ ಗೆರೆ ಎಳೆದ ಹಾಗೆ ತೋರಿಸಿದರೆ ನರದ ಕಡೆ ಯೋಚಿಸಿ. ಅಂಗೈಯಲ್ಲಿ ಸೊಂಟವನ್ನೆಲ್ಲ ಸವರಿ ತೋರಿಸಿದರೆ ಅದು ಬೇರೆ ಕಥೆ.

ಇಲ್ಲಿ ಬಿಡಬಾರದ ಪ್ರಶ್ನೆಗಳಿವೆ. ಮೂತ್ರ ಕಟ್ಟಿದೆಯೇ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯೇ? ಕುಳಿತಾಗ ನೆಲಕ್ಕೆ ತಾಗುವ ಜಾಗ ಮರಗಟ್ಟಿದೆಯೇ? ಎರಡೂ ಕಾಲಿಗೆ ನೋವು ಇಳಿಯುತ್ತಿದೆಯೇ, ಕಾಲು ಸೋಲುತ್ತಿದೆಯೇ? ಇವುಗಳಿಗೆ ಹೌದು ಎಂದರೆ ಮಂಚದ ಮೇಲೆ ಮಲಗಿಸುವ ಮಾತೇ ಇಲ್ಲ, ಅವತ್ತೇ ಆಸ್ಪತ್ರೆಗೆ ಕಳಿಸಿ. ಹಿಂದೆ ಕ್ಯಾನ್ಸರ್ ಆಗಿತ್ತೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡಿದ್ದಾರೆಯೇ, ವಯಸ್ಸಾದವರು ಜಾರಿ ಬಿದ್ದಿದ್ದಾರೆಯೇ? ಮೂತ್ರದ ವಿಷಯವನ್ನು ಹೆಂಗಸರು ಗಂಡಸು ಥೆರಪಿಸ್ಟಿನ ಮುಂದೆ ತಾವಾಗಿ ಹೇಳುವುದಿಲ್ಲ. 'ಅಕ್ಕ, ಇದು ಎಲ್ಲರಿಗೂ ಕೇಳೋ ಪ್ರಶ್ನೆ' ಎಂದು ಮೊದಲೇ ಹೇಳಿ ನೇರವಾಗಿ ಕೇಳಿಬಿಡಿ.

ನಾನು ಇಂಟರ್ನ್ ಆಗಿದ್ದಾಗ ಇಪ್ಪತ್ತೈದರ ಆಸುಪಾಸಿನ ಗಾರೆ ಕೆಲಸದ ಹುಡುಗನೊಬ್ಬ ಬೆನ್ನಿನ ನಡುಭಾಗದ ನೋವಿಗೆ ಬರುತ್ತಿದ್ದ. ಸ್ನಾಯು ಬಿಗಿದಿತ್ತು. ಹೊಸದಾಗಿ ಕಲಿತ ಕೈಚಳಕ ಬೇರೆ. ಎರಡು ವಾರ ತಿಕ್ಕಿದೆ, ಎಳೆದೆ, ಮಲಗಿ ಏಳುವಾಗ ಸ್ವಲ್ಪ ಹಗುರ ಎನ್ನುತ್ತಿದ್ದ, ನಾನೂ ಉಬ್ಬಿದೆ. ಒಂದು ದಿನ ಅವನ ಅಮ್ಮ ಜೊತೆಗೆ ಬಂದವಳು, 'ಸಂಜೆ ಆದ್ರೆ ಮೈ ಬಿಸಿ ಆಗುತ್ತೆ ಸರ್, ಅನ್ನ ಸೇರಲ್ಲ' ಎಂದಳು. ಬೆನ್ನುಮೂಳೆಯ ಕ್ಷಯ. ಅವನು ಔಷಧಿಯಲ್ಲಿ ಗುಣವಾದ. ಆದರೆ ಆ ಎರಡು ವಾರದಲ್ಲಿ ನಾನು ಅವನ ಬೆನ್ನನ್ನು ಜೋರಾಗಿ ತಿರುಚಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ: ಈ ಮೂರು ಪ್ರಶ್ನೆಗಳು ಈಗ ನನ್ನ ಫೈಲಿನ ಮೊದಲ ಸಾಲಿನಲ್ಲಿ ಅಚ್ಚಾಗಿವೆ. ಅಮೆರಿಕದ, ಬ್ರಿಟನ್ನಿನ ಪುಸ್ತಕಗಳು ಕ್ಷಯವನ್ನು ಪಟ್ಟಿಯ ಕೊನೆಯಲ್ಲಿ ಇಟ್ಟಿರುತ್ತವೆ, ನಮ್ಮ ನೆಲದಲ್ಲಿ ಅದು ಮೇಲೆಯೇ ಇರಬೇಕು.

ನಿಲ್ಲಿಸಿ, ನಡೆಸಿ, ಕೂರಿಸಿ

ಈಗ ಒಬ್ಬ ರೋಗಿಯನ್ನು ಜೊತೆಗಿಟ್ಟುಕೊಂಡು ಮುಂದೆ ಹೋಗೋಣ. ಅಡಿಕೆ ಸುಗ್ಗಿಯ ಹೊತ್ತು. ಐವತ್ತರ ಹತ್ತಿರದ ಹೆಂಗಸು, ಎರಡು ತಿಂಗಳಿಂದ ಮಣೆ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೆಲಸ, ಸುಲಿದಷ್ಟಕ್ಕೆ ಕೂಲಿ. ಕೈಯಲ್ಲಿ ಎಂಆರ್‌ಐ ಕವರು. 'ಎಲ್ ನಾಲ್ಕು ಐದರಲ್ಲಿ ಗ್ಯಾಪ್ ಬಂದಿದೆ ಅಂದ್ರು ಡಾಕ್ಟ್ರೇ. ಕೂತಿದ್ರೆ ಏನಿಲ್ಲ, ಏಳೋವಾಗ ಇಲ್ಲಿ ಚಳಕ್ ಅನ್ನುತ್ತೆ,' ಎಂದು ಬಲಗಡೆ ಸೊಂಟ ತೋರಿಸಿದರು.

ಫಿಲ್ಮನ್ನು ಬದಿಗಿಡಿ. ಎಸೆಯಬೇಡಿ, ಆಮೇಲೆ ನೋಡಿ. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಇಪ್ಪತ್ತರ ಹರೆಯದವರಲ್ಲೇ ಶೇ. 30 ಮಂದಿಗೆ ಕಶೇರುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿತ್ತು, ಎಂಬತ್ತರ ವಯಸ್ಸಿನವರಲ್ಲಿ ಶೇ. 84 ಮಂದಿಗೆ. ನರೆಗೂದಲಿನಂತೆ ಅದು. ಈ ಲೆಕ್ಕವನ್ನು ರೋಗಿಗೆ ಸರಳವಾಗಿ ಹೇಳುವುದೂ ಚಿಕಿತ್ಸೆಯ ಭಾಗವೇ, ಏಕೆಂದರೆ 'ಗ್ಯಾಪ್' ಎಂಬ ಒಂದು ಪದಕ್ಕೆ ಹೆದರಿ ಬಗ್ಗುವುದನ್ನೇ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಹಿಂದೆ ನಿಂತು ನೋಡಿ: ಹೆಗಲು, ಸೊಂಟದ ಅಂಚು, ಮೊಣಕಾಲ ಮಡಿಕೆ. ನಡೆಸಿ. ಮುಂದೆ ಬಗ್ಗಿಸಿ, ಹಿಂದೆ ಬಾಗಿಸಿ, ಎರಡು ಪಕ್ಕಕ್ಕೂ. ಈ ಅಕ್ಕ ಬಗ್ಗಿ ಸುಲಭವಾಗಿ ಪಾದ ಮುಟ್ಟಿದರು. ಹಿಂದೆ ಬಾಗಲು ಹೋದಾಗ ಅರ್ಧಕ್ಕೇ ನಿಂತರು, ಬಲಗಡೆ ಕೈ ಹೋಯಿತು.

ನನ್ನ ಕ್ಲಿನಿಕ್ಕಿನಲ್ಲಿ ಒಂದು ಹಳೇ ಮಣೆ ಇದೆ. ಅದರ ಮೇಲೆ ಕೂರಿಸಿ ಏಳಿಸಿದೆ. ಎರಡೂ ಕೈ ತೊಡೆಗೆ ಊರಿ, ಮೂರು ಹಂತದಲ್ಲಿ ಎದ್ದರು, ನಡುವೆ ಒಂದು ಸಲ 'ಅಮ್ಮಾ'. ಇದನ್ನು ಬರೆದಿಟ್ಟುಕೊಂಡೆ. ಪ್ರತಿ ರೋಗಿಗೂ ಇಂಥ ಒಂದು ಚಲನೆಯನ್ನು ಹುಡುಕಿ: ನೋವನ್ನು ಎಬ್ಬಿಸುವಂಥದ್ದು, ಅವರ ಬದುಕಿಗೆ ಸೇರಿದ್ದು, ಐದು ಸೆಕೆಂಡಿನಲ್ಲಿ ಮತ್ತೆ ಮಾಡಿಸಿ ನೋಡಬಹುದಾದದ್ದು. ಡ್ರೈವರ್ ಆದರೆ ಕ್ಲಚ್ ತುಳಿಯುವ ಹಾಗೆ ಕಾಲು ಚಾಚುವುದು, ಹೊಲಿಗೆಯವರಾದರೆ ಕತ್ತು ಬಗ್ಗಿಸಿ ಪಕ್ಕಕ್ಕೆ ನೋಡುವುದು. ಮುಂದಿನ ಎಲ್ಲಕ್ಕೂ ಅಳತೆಗೋಲು ಇದೇ.

ನರದ ಪರೀಕ್ಷೆ ಎರಡು ನಿಮಿಷದ ಕೆಲಸ, ಬಿಡಬೇಡಿ. ಮಲಗಿಸಿ ನೇರ ಕಾಲು ಎತ್ತಿ: 30ರಿಂದ 70 ಡಿಗ್ರಿಯೊಳಗೆ ಕಾಲಿನುದ್ದಕ್ಕೂ ಅದೇ ಹಳೇ ಸೆಳೆತ ಬಂದರೆ ನರದ ಬೇರಿನ ಅನುಮಾನ. ತೊಡೆಯ ಹಿಂದೆ ಬರೀ ಬಿಗಿತ ಎಂದರೆ ಅದಲ್ಲ. ಆಮೇಲೆ ಒಂದೊಂದು ನರದ ಬೇರಿನ ಶಕ್ತಿ: ಪಾದ ಮೇಲಕ್ಕೆ ಎತ್ತಿಸಿ ಎಲ್4, ಹೆಬ್ಬೆರಳು ಎತ್ತಿಸಿ ಎಲ್5, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿ ಎಸ್1. ಮೊಣಕಾಲು, ಹಿಮ್ಮಡಿ ರಿಫ್ಲೆಕ್ಸ್. ಈ ಅಕ್ಕನಿಗೆ ಎಲ್ಲ ಸರಿಯಾಗಿತ್ತು.

ಈಗ ಕೈ

ಆಸ್ಟಿಯೋಪಥಿಯಲ್ಲಿ ಕೈಯ ಪರೀಕ್ಷೆಗೆ ಟಾರ್ಟ್ (TART) ಎಂಬ ಇಂಗ್ಲಿಷಿನ ನಾಲ್ಕಕ್ಷರದ ಸೂತ್ರವಿದೆ. ಮುಟ್ಟಿದ ಜಾಗದ ಹದ ಹೇಗಿದೆ, ಎಡ ಬಲ ಒಂದೇ ಥರ ಇದೆಯೇ, ಚಲನೆ ಎಲ್ಲಿ ತಡೆಯುತ್ತಿದೆ, ಒತ್ತಿದರೆ ನೋವೇ. ಹದ ಎಂದರೆ ಏನು ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಹೊಸ ನೋವಿನ ಜಾಗ ಬೆಚ್ಚಗೆ, ತೇವವಾಗಿ, ಊದಿದ ಹಾಗೆ ಸಿಗುತ್ತದೆ. ಹಳೆಯದು ತಣ್ಣಗೆ, ಒಣಗಿದ ಹಗ್ಗದ ಹಾಗೆ. ಚಪಾತಿ ಹಿಟ್ಟು ಕಲಸಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಹುಡುಗರಿಗೆ ಸ್ವಲ್ಪ ತಡ.

ನಾಲ್ಕರಲ್ಲಿ ಎಡಬಲದ ವ್ಯತ್ಯಾಸಕ್ಕೆ ನಾನು ಅತಿ ಕಡಿಮೆ ಬೆಲೆ ಕೊಡುತ್ತೇನೆ. ನಿಂತು ಬಗ್ಗಿಸುವ ಪರೀಕ್ಷೆ ಎಂದು ಒಂದಿದೆ: ಎರಡು ಗುಳಿಗಳ ಕೆಳಗೆ ಹೆಬ್ಬೆರಳಿಟ್ಟು, ರೋಗಿ ಬಗ್ಗುವಾಗ ಯಾವ ಹೆಬ್ಬೆರಳು ಮೊದಲು ಮೇಲೇಳುತ್ತದೆ ಎಂದು ನೋಡುವುದು. ಎಲ್ಲ ಕಡೆ ಕಲಿಸುತ್ತಾರೆ. ಇಬ್ಬರು ಅನುಭವಿಗಳು ಒಬ್ಬನೇ ರೋಗಿಯ ಮೇಲೆ ಮಾಡಿದರೆ ಬಹಳ ಸಲ ಬೇರೆ ಬೇರೆ ಉತ್ತರ ಬರುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮಾಡಿ, ಕಲಿಯಿರಿ, ಆದರೆ ಅದೊಂದನ್ನೇ ನಂಬಿ 'ನಿಮ್ಮ ಸೊಂಟ ಜಾರಿದೆ' ಎಂದು ಯಾರಿಗೂ ಹೇಳಬೇಡಿ. ಬೆನ್ನುಮೂಳೆಯ ಬುಡವೂ ಸೊಂಟದ ಎಲುಬೂ ಸೇರುವ ಸ್ಯಾಕ್ರೋ ಇಲಿಯಾಕ್ ಕೀಲಿನ ಅನುಮಾನ ಬಂದರೆ ನೋವು ಎಬ್ಬಿಸುವ ಐದು ಪರೀಕ್ಷೆಗಳನ್ನು ಮಾಡಿ, ಮೂರು ಅಥವಾ ಹೆಚ್ಚು ಪರೀಕ್ಷೆಗಳಲ್ಲಿ ಅವರದೇ ನೋವು ಎದ್ದರೆ ಆ ಕಡೆ ಯೋಚಿಸಿ. ಅದು ಹೆಬ್ಬೆರಳಿನ ಲೆಕ್ಕಕ್ಕಿಂತ ಗಟ್ಟಿ.

ಅಡಿಕೆಯ ಅಕ್ಕನಿಗೆ ಆ ಪರೀಕ್ಷೆಗಳಲ್ಲಿ ಒಂದೂ ನೋವು ಎಬ್ಬಿಸಲಿಲ್ಲ. ಮಂಚದ ತುದಿಯಲ್ಲಿ ಮಲಗಿಸಿ ಎಡ ಮೊಣಕಾಲನ್ನು ಎದೆಗೆ ಅಪ್ಪಿಕೊಳ್ಳಲು ಹೇಳಿದೆ. ಬಲತೊಡೆ ಮಂಚಕ್ಕೆ ತಾಗಲಿಲ್ಲ, ನಾಲ್ಕು ಬೆರಳು ಮೇಲೇ ನಿಂತಿತ್ತು. ಸೋಯಾಸ್. ಸೊಂಟದ ಕಶೇರುಗಳ ಪಕ್ಕದಿಂದ ಹೊರಟು ತೊಡೆಮೂಳೆಯ ಒಳಬದಿಗೆ ಬಂದು ಅಂಟುವ ಸ್ನಾಯು. ಮಣೆ ಮೇಲೆ ಮೊಣಕಾಲು ಎದೆಗೇರಿಸಿಕೊಂಡು ಗಂಟೆಗಟ್ಟಲೆ ಕೂತರೆ ಅದು ಗಿಡ್ಡವಾಗಿಯೇ ಇರುತ್ತದೆ, ಎದ್ದು ನಿಲ್ಲುವಾಗ ಸೊಂಟವನ್ನು ಮುಂದಕ್ಕೆ ಜಗ್ಗುತ್ತದೆ. ಹಿಂದಿನ ನೋವಿಗೆ ಮುಂದಿನ ಸ್ನಾಯು ಕಾರಣವಾಗಬಹುದು ಎಂಬ ಈ ಯೋಚನೆಯೇ ನನಗೆ ಆಸ್ಟಿಯೋಪಥಿಯಿಂದ ಸಿಕ್ಕ ದೊಡ್ಡ ಲಾಭ. ಆದರೂ ಇದು ಇನ್ನೂ ಊಹೆಯೇ.

ಚಿಕಿತ್ಸೆ: ತಳ್ಳುವುದು ರೋಗಿ, ತಡೆಯುವುದು ನೀವು

ಹೊಸಬರು ಕಲಿಯಲು ಮಸಲ್ ಎನರ್ಜಿ ಎಂಬ ವಿಧಾನ ಒಳ್ಳೆಯದು. ಫ್ರೆಡ್ ಮಿಚೆಲ್ ಎಂಬ ಅಮೆರಿಕದ ಆಸ್ಟಿಯೋಪಾಥ್ ರೂಪಿಸಿದ್ದು. ಬಲ ರೋಗಿಯದ್ದೇ ಆದ್ದರಿಂದ ಹಾನಿಯ ಭಯ ಕಡಿಮೆ.

ಅದೇ ಭಂಗಿ. ರೋಗಿ ಮಂಚದ ತುದಿಯಲ್ಲಿ ಅಂಗಾತ, ಎಡ ಮೊಣಕಾಲು ಎದೆಗೆ, ಬಲಗಾಲು ಇಳಿಬಿದ್ದಿರುತ್ತದೆ. ನಿಮ್ಮ ಅಂಗೈ ಬಲ ಮೊಣಕಾಲಿನ ಸ್ವಲ್ಪ ಮೇಲೆ. ತೊಡೆಯನ್ನು ಮೆಲ್ಲಗೆ ಕೆಳಗೆ ಬಿಡುತ್ತಾ ಹೋಗಿ, ಮೊದಲ ತಡೆ ಸಿಕ್ಕಿದಲ್ಲಿ ನಿಲ್ಲಿಸಿ. ಕೊನೆಯ ತಡೆಯವರೆಗೆ ಹೋಗಬೇಡಿ. ಇಲ್ಲೇ ಕೂದಲು ಹುಡುಕಿದ ಬೆರಳು ಕೆಲಸಕ್ಕೆ ಬರುವುದು. 'ಅಕ್ಕ, ನನ್ನ ಕೈಯನ್ನು ತೊಡೆಯಿಂದ ಮೇಲಕ್ಕೆ ತಳ್ಳಿ. ಜೋರಾಗಿ ಬೇಡ, ಮಗು ಎತ್ತುವಷ್ಟೂ ಬೇಡ.' ಅವರ ಶಕ್ತಿಯ ಕಾಲು ಭಾಗ ಸಾಕು. ನೀವು ಅಷ್ಟೇ ಬಲದಿಂದ ತಡೆಯಿರಿ, ತೊಡೆ ಅಲುಗಬಾರದು. ಐದು ಸೆಕೆಂಡ್. ಬಿಡಿಸಿ. ಒಂದು ಉಸಿರು ಹೊರಗೆ ಹೋಗಲಿ, ಸ್ನಾಯು ಸಡಿಲವಾದದ್ದು ಕೈಗೆ ತಿಳಿಯುತ್ತದೆ, ಆಗ ಮಾತ್ರ ಹೊಸ ತಡೆಯವರೆಗೆ ಇಳಿಸಿ. ಹೀಗೆ ಮೂರರಿಂದ ಐದು ಸಲ. ಹೊಸಬರು ಕೆಡಿಸುವುದು ಬಹುಪಾಲು ಎರಡೇ ಕಡೆ. ರೋಗಿ ಪೂರ್ತಿ ಶಕ್ತಿಯಿಂದ ತಳ್ಳಲು ಬಿಡುವುದು, ಸಡಿಲವಾಗುವ ಮೊದಲೇ ಎಳೆಯುವುದು. ಸೊಂಟ ಮಂಚದಿಂದ ಮೇಲೆದ್ದು ಕಮಾನಾದರೆ ನಿಲ್ಲಿಸಿ, ಎಡ ಮೊಣಕಾಲನ್ನು ಇನ್ನಷ್ಟು ಎದೆಗೆ ತನ್ನಿ.

ನೋವು ಹೆಚ್ಚಾಗಿದ್ದು ಇದನ್ನೂ ತಡೆಯಲಾಗದವರಿಗೆ ಕೌಂಟರ್‌ಸ್ಟ್ರೇನ್. ಲಾರೆನ್ಸ್ ಜೋನ್ಸ್ ಎಂಬಾತನ ಕೊಡುಗೆ. ಎಳೆಯುವುದೇ ಇಲ್ಲ, ಬದಲಿಗೆ ಸ್ನಾಯುವಿಗೆ ಹಾಯಾಗುವ ಕಡೆಗೆ ಮಡಿಸುವುದು. ಹೊಟ್ಟೆಯ ಕೆಳಬದಿಯಲ್ಲಿ ನೋವಿನ ಬಿಂದುವನ್ನು ಒಂದು ಬೆರಳಲ್ಲಿ ಹಿಡಿಯಿರಿ, ಎರಡೂ ಮೊಣಕಾಲು ಮಡಿಸಿ ಕಾಲುಗಳನ್ನು ನಿಮ್ಮ ತೊಡೆಯ ಮೇಲೆ ಇರಿಸಿಕೊಳ್ಳಿ, ಸೊಂಟವನ್ನು ಸ್ವಲ್ಪ ಆಚೀಚೆ ವಾಲಿಸುತ್ತಾ ಕೇಳಿ: 'ಶುರುವಿನ ನೋವು ಹತ್ತು ಅಂದ್ಕೊಂಡ್ರೆ ಈಗ ಎಷ್ಟು?' ಮೂರಕ್ಕೆ ಇಳಿದ ಜಾಗದಲ್ಲಿ 90 ಸೆಕೆಂಡ್ ಅಲ್ಲಾಡದೆ ಹಿಡಿದಿರಿ. ಗಡಿಯಾರ ನೋಡಿ, ಅಂದಾಜು ಬೇಡ. ವಾಪಸ್ ತರುವಾಗ ತುಂಬಾ ನಿಧಾನ, ರೋಗಿ ಸಹಾಯ ಮಾಡಕೂಡದು.

ಕೀಲನ್ನು ತಟ್ಟನೆ ತಿರುಚಿ ಲಟಕ್ ಅನ್ನಿಸುವ ವಿಧಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಆ ಶಬ್ದ ಎಲುಬು ಜಾಗಕ್ಕೆ ಕೂತ ಶಬ್ದ ಅಲ್ಲ. ಕೀಲಿನ ಮೇಲ್ಮೈಗಳು ತಟ್ಟನೆ ದೂರವಾದಾಗ ಒಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದಕ್ಕೆ ಸಂಬಂಧಪಟ್ಟದ್ದು. 2015ರಲ್ಲಿ ಬೆರಳ ಗೆಣ್ಣು ಮುರಿಯುವುದನ್ನು ಎಂಆರ್‌ಐ ಒಳಗೇ ಚಿತ್ರೀಕರಿಸಿದ್ದಾರೆ. ಶಬ್ದ ಬಂದರೆ ಗುಣ, ಬರದಿದ್ದರೆ ಇಲ್ಲ ಎಂಬ ಲೆಕ್ಕವಿಲ್ಲ. ಸೊಂಟಕ್ಕೆ ಈ ವಿಧಾನವನ್ನು ಗುರುವಿನ ಎದುರು ಕಲಿಯಿರಿ. ಕತ್ತಿಗೆ ಮಾತ್ರ, ಕಲಿಯುವ ಮೊದಲ ವರ್ಷಗಳಲ್ಲಿ, ಬೇಡವೇ ಬೇಡ. ಕತ್ತನ್ನು ರಭಸವಾಗಿ ತಿರುಗಿಸಿದ ಮೇಲೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಅಪರೂಪವೇ ಇರಬಹುದು, ಆದರೆ ಹೋದದ್ದು ಮರಳುವುದಿಲ್ಲ.

ಕೈ ತೆಗೆದ ಮೇಲೆ

ಮತ್ತೆ ಮಣೆ. ಅಕ್ಕ ಒಂದೇ ಕೈ ಊರಿ ಎದ್ದರು, ನಿಂತು ಹಿಂದೆ ಬಾಗಿ ನೋಡಿಕೊಂಡರು, 'ಹಿಡ್ಕೊಂಡಿದ್ದು ಬಿಟ್ಟಂಗಾಯ್ತು' ಎಂದರು. ಊಹೆಗೆ ಸ್ವಲ್ಪ ಬಲ ಬಂತು. ಬದಲಾಗದೇ ಇದ್ದಿದ್ದರೆ? ಆಗ ಬೇರೆ ಕಡೆ ಹುಡುಕಬೇಕು, ಅದೇ ಸ್ನಾಯುವನ್ನು ಇನ್ನೂ ಹತ್ತು ಸಲ ಎಳೆಯಬಾರದು. ಮೂರು ನಾಲ್ಕು ಭೇಟಿಯಲ್ಲೂ ಅಳತೆಗೋಲು ಕದಲದಿದ್ದರೆ ಚೀಟಿ ಬರೆದು ವೈದ್ಯರಿಗೆ ಕಳಿಸಿ. ಚೀಟಿಯಲ್ಲಿ ನೀವು ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ.

ಈ ಹಗುರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಪ್ರಾಮಾಣಿಕವಾಗಿರಿ. ಫ್ರಾನ್ಸಿನಲ್ಲಿ ಬಹುದಿನದ ಸೊಂಟ ನೋವಿನ 400 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಜವಾದ ಆಸ್ಟಿಯೋಪಥಿ ಚಿಕಿತ್ಸೆಗೂ ಬರೀ ಮುಟ್ಟಿದಂತೆ ಮಾಡಿದ್ದಕ್ಕೂ ಇದ್ದ ವ್ಯತ್ಯಾಸ ಬಹಳ ಚಿಕ್ಕದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಮಾಡಿ ಎನ್ನುತ್ತದೆ. ನಾನು ಇದನ್ನು ಓದಿ ಬೇಜಾರು ಮಾಡಿಕೊಂಡಿದ್ದೇನೆ, ಕೈಚಿಕಿತ್ಸೆ ಬಿಟ್ಟಿಲ್ಲ. ಕೈ ಮಾಡುವುದು ನಾಲ್ಕಾರು ಗಂಟೆಯ ಬಿಡುವು ಕೊಡಿಸುವುದು ಎಂದುಕೊಂಡಿದ್ದೇನೆ. ಆ ಬಿಡುವಿನಲ್ಲಿ ವ್ಯಾಯಾಮ ಶುರುವಾಗಬೇಕು.

ಅಕ್ಕನಿಗೆ ಕೊಟ್ಟದ್ದು ಎರಡೇ. ಒಂದು ಮೊಣಕಾಲು ನೆಲಕ್ಕೂರಿ ಸೊಂಟ ಮುಂದಕ್ಕೆ ತರುವ ಎಳೆತ, ದಿನಕ್ಕೆ ಎರಡು ಸಲ. ಮೊಣಕಾಲು ಮಡಿಸಿ ಮಲಗಿ ಸೊಂಟ ಮೇಲೆತ್ತುವುದು, ಹತ್ತು ಸಲ. ಪಟ್ಟಿ ಉದ್ದ ಮಾಡಿದರೆ ಒಂದನ್ನೂ ಮಾಡುವುದಿಲ್ಲ. ಕೆಲಸ ಬಿಡಿ ಎಂದು ಹೇಳಲಿಲ್ಲ, ಸುಗ್ಗಿಯಲ್ಲಿ ಕೂಲಿ ಬಿಡುವವರು ಯಾರು. ಅರ್ಧ ಗಂಟೆಗೊಮ್ಮೆ ಎದ್ದು ಸುಲಿದ ಅಡಿಕೆಯನ್ನು ತಾವೇ ಸುರಿದು ಬನ್ನಿ, ಮಣೆ ಎತ್ತರ ಮಾಡಿಕೊಳ್ಳಿ ಎಂದೆ.

ಮೂರನೇ ಭೇಟಿಗೆ ಬಂದಾಗ ಕೈ ಊರದೆ ಎದ್ದರು. ಮಣೆಗೆ ಏನು ಮಾಡಿದಿರಿ ಎಂದು ಕೇಳಿದೆ. 'ಎರಡು ಇಟ್ಟಿಗೆ ಕೊಟ್ಟೆ ಡಾಕ್ಟ್ರೇ, ಈಗ ಮೆಟ್ಟುಗತ್ತಿ ಕಾಲಿಗೆ ಸಿಗಲ್ಲ, ಅದಕ್ಕೂ ಒಂದು ಇಟ್ಟಿಗೆ ಕೊಟ್ಟೆ,' ಎಂದರು.